ಕಾಲಮ್ ಹೊಗಳಿದ ಕೆಂಪು ಕೋಸು

"ಮುಚ್ಚಳ ತೆಗೀಬೇಡಿ!"

ಬರೋಸಾ ಕಣಿವೆಯ ಚರ್ಚ್ ಹಾಲ್‌ನಲ್ಲಿ ಟ್ರೂಡಿ ಕ್ಲೈನಿಗ್ ತನಗೆ ಹೇಳಿದ ಮೊದಲ ಮಾತು ಇದು ಎಂದು ಕಾಲಮ್ ಡಾಯ್ಲ್ ಆಮೇಲೆ ಎಲ್ಲರ ಹತ್ತಿರವೂ ಹೇಳಿಕೊಂಡು ನಗುತ್ತಿದ್ದ. ಜುಲೈ ಅಂದರೆ ಅಲ್ಲಿ ನಡುಚಳಿಗಾಲ. ಊರಿನ ಹಿರಿಯರಿಗೆಲ್ಲ ಊಟದ ದಿನ. ಮನೆಮನೆಯಿಂದ ಬಂದ, ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಸ್ಲೋ ಕುಕ್ಕರ್‌ಗಳನ್ನು ಹೆಂಗಸರು ಒಂದೇ ಗೋಡೆಯ ಪ್ಲಗ್‌ಗಳಿಗೆ ಸಾಲಾಗಿ ಸಿಕ್ಕಿಸಿದ್ದರು. ಫ್ಯೂಸ್ ಹಾರಿ ದೀಪ, ಹೀಟರ್ ಎಲ್ಲ ಆರಿಹೋಗಿದ್ದವು. ಎಲೆಕ್ಟ್ರಿಷಿಯನ್ ಕಾಲಮ್ ಬಂದವನು ವೈರುಗಳನ್ನು ಹುಡುಕುತ್ತ ಒಂದು ಪಾತ್ರೆಯ ಗಾಜಿನ ಮುಚ್ಚಳದ ಮೇಲೆ ಕೈ ಇಟ್ಟಿದ್ದ, ಅಷ್ಟೇ.

"ತೆಗೀತಿಲ್ಲ. ವೈರ್ ಯಾವ ಕಡೆ ಹೋಗಿದೆ ನೋಡ್ತಿದ್ದೆ."

"ವೈರ್ ಹಿಂದುಗಡೆ ಇದೆ. ಮುಚ್ಚಳದ ಒಳಗೆ ಇರಲ್ಲ."

ಅವನು ಕೈ ತೆಗೆದ. "ಒಂದ್ಸಲ ತೆಗೆದ್ರೆ ಏನಾಗುತ್ತೆ?"

"ಒಳಗಿನ ಶಾಖ ಎಲ್ಲ ಗಾಳಿಗೆ ಹೋಗುತ್ತೆ. ಬೆಳಗಿನ ಜಾವ ಎದ್ದು ಇದನ್ನ ಇಟ್ಟಿದ್ದು ನಿಮಗೆ ಹಬೆ ತೋರಿಸೋಕಲ್ಲ."

ಆಗ ಅವನು ಅವಳನ್ನು ಸರಿಯಾಗಿ ನೋಡಿದ. ಪಾತ್ರೆಯ ಮುಂದೆ ಕೋಳಿ ಮರಿ ಕಾಯುವ ಹಾಗೆ ಎರಡೂ ಕೈ ಅಗಲಿಸಿ ನಿಂತಿದ್ದಳು. ಬೆರಳ ತುದಿಗಳೆಲ್ಲ ನೇರಳೆ ಬಣ್ಣ.

"ಕೈಗೆ ಏನಾಯ್ತು?"

"ಕೋಸು ಹೆಚ್ಚಿದ್ದು. ಕೆಂಪು ಕೋಸು. ಸೇಬು, ಈರುಳ್ಳಿ, ಸ್ವಲ್ಪ ಬೇಕನ್ ಹಾಕಿದ್ದೀನಿ. ಇಷ್ಟಾನಾ ನಿಮಗೆ?"

ಕೋಸು ಎಂಬ ಮಾತಿಗೆ ಕಾಲಮ್‌ನ ಮುಖದ ಮೇಲೆ ಒಂದು ಮೋಡ ಹಾದುಹೋಯಿತು. ಟ್ರೂಡಿ ಅದನ್ನು ನೋಡಲಿಲ್ಲ. ಕೂದಲ ಒಂದು ಎಳೆ ಅವಳ ಕಣ್ಣಿನ ಮೇಲೆ ಬಿದ್ದಿತ್ತು. ನೇರಳೆ ಬೆರಳಿಂದ ಅದನ್ನು ಸರಿಸುತ್ತಿದ್ದಳು. ಹಾಗೆ ಸರಿಸುವಾಗ ಹಣೆಗೂ ಸ್ವಲ್ಪ ಬಣ್ಣ ಹತ್ತಿತು.

"ಜೀವ," ಎಂದ ಕಾಲಮ್. "ಕೋಸು ಅಂದ್ರೆ ನನಗೆ ಜೀವ."

*

ಕ್ಲೈನಿಗ್ ಮನೆತನದಲ್ಲಿ ಮದುವೆ, ನಾಮಕರಣ, ಕ್ರಿಸ್‌ಮಸ್ ಯಾವುದಿದ್ದರೂ ಹುರಿದ ಹಂದಿಮಾಂಸದ ಪಕ್ಕದಲ್ಲಿ ಕೆಂಪು ಕೋಸಿನ ಪಲ್ಯ ಇರಲೇಬೇಕು. ಅದನ್ನು ಮಾಡುತ್ತಿದ್ದವಳು ಟ್ರೂಡಿಯ ಅಜ್ಜಿ, ಎಲ್ಲರ ಬಾಯಲ್ಲೂ ಓಮಾ. ಸೌದೆ ಒಲೆಯ ಮುಂದೆ ಬೆಳಗಿನಿಂದ ನಿಂತು ಕೈಯಾಡಿಸುತ್ತಿದ್ದಳು. ಹೋದ ಚಳಿಗಾಲದಲ್ಲಿ ಅಜ್ಜ ತೀರಿಕೊಂಡ. ಆಮೇಲೆ ಓಮಾಳ ಕೈ ನಡುಗಲು ಶುರುವಾಯಿತು, ಒಲೆ ಆರಿತು. ಅದಕ್ಕಿಂತ ಹೆಚ್ಚಾಗಿ, ಓಮಾಳಿಗೆ ಹಸಿವೇ ಹೊರಟುಹೋಯಿತು. ಎರಡು ತುತ್ತು ತಿಂದು ತಟ್ಟೆ ಸರಿಸುವಳು. ಯಾರು ಏನು ಕೊಟ್ಟರೂ "ಚೆನ್ನಾಗಿದೆ ಮಗಳೇ" ಎನ್ನುವಳು.

ಓಮಾಳ ಜೊತೆ ಇದ್ದವಳು ಟ್ರೂಡಿ. ಆಸ್ಪತ್ರೆಯಲ್ಲಿ ನರ್ಸ್, ಒಲೆಯ ಮುಂದೆ ದಿನವಿಡೀ ನಿಲ್ಲುವ ಹಾಗಿಲ್ಲ. ಹಾಗಾಗಿ ಸ್ಲೋ ಕುಕ್ಕರ್ ಕೊಂಡಳು. ಬೆಳಿಗ್ಗೆ ಕೋಸು ಹೆಚ್ಚಿಟ್ಟು, ಕಡಿಮೆ ಶಾಖಕ್ಕೆ ತಿರುಗಿಸಿ ಡ್ಯೂಟಿಗೆ ಹೋದರೆ ಸಂಜೆ ಬಾಗಿಲು ತೆಗೆಯುವಾಗ ಮನೆ ತುಂಬ ಲವಂಗದ, ಸೇಬಿನ ವಾಸನೆ. ಓಮಾ ಈ ವಾಸನೆಗಾದರೂ ತಿಂದಾಳು ಎಂಬುದು ಅವಳ ಆಸೆ.

ಆ ಆಸೆಗೆ ಮೊದಲ ಕಲ್ಲು ಹಾಕಿದವಳು ಹಿಲ್ಡಾ ಅತ್ತೆ, ಓಮಾಳ ಮಗಳು. ಅಂದು ಹಾಲ್‌ನಲ್ಲಿ ಕರೆಂಟ್ ಬಂದು ಎಲ್ಲರೂ ಊಟಕ್ಕೆ ಕುಳಿತಾಗ ಆಕೆ ಕೋಸನ್ನು ಫೋರ್ಕ್‌ನ ತುದಿಯಲ್ಲಿ ಎತ್ತಿ ನೋಡಿದಳು.

"ಪ್ಲಗ್ ಹಾಕಿ ಎದ್ದು ಹೋಗೋದು ಅಡುಗೆ ಅಲ್ಲ ಕಣೆ ಟ್ರೂಡಿ. ಅದು ಚಾರ್ಜಿಂಗ್."

ಟೇಬಲ್ಲಿನವರೆಲ್ಲ ನಕ್ಕರು. ಟ್ರೂಡಿಯೂ ನಕ್ಕಳು, ಕಣ್ಣು ಮಾತ್ರ ನಗಲಿಲ್ಲ. ಎದುರಿಗೆ ಕುಳಿತ ಕಾಲಮ್ ಅದನ್ನು ನೋಡಿದ. ಅವನ ತಟ್ಟೆಯಲ್ಲಿ ಕೋಸಿನ ಗುಡ್ಡೆ ಮುಟ್ಟದೆ ಹಾಗೇ ಇತ್ತು. ಅವನು ಒಂದು ದೊಡ್ಡ ಉಸಿರು ಎಳೆದುಕೊಂಡು ಅದನ್ನು ತಿನ್ನತೊಡಗಿದ. ಪೂರ್ತಿ ತಿಂದ. ಎದ್ದು ಹೋಗಿ ಮತ್ತೆ ಬಡಿಸಿಕೊಂಡು ಬಂದ.

"ಇಂಥ ಕೋಸು ನಾನು ತಿಂದೇ ಇಲ್ಲ," ಎಂದ, ಹಿಲ್ಡಾ ಅತ್ತೆಗೆ ಕೇಳುವಷ್ಟು ಜೋರಾಗಿ.

ಅದೇನೋ ನಿಜವೇ ಆಗಿತ್ತು.

ಆ ಎರಡನೇ ತಟ್ಟೆ ಟ್ರೂಡಿಗೆ ಎಲ್ಲಿಲ್ಲದ ಧೈರ್ಯ ಕೊಟ್ಟಿತು. ಅಂದು ಸಂಜೆಯೇ ಅತ್ತೆಗೆ ಹೇಳಿಬಿಟ್ಟಳು: "ಆಗಸ್ಟ್‌ನಲ್ಲಿ ಓಮಾಗೆ ತೊಂಬತ್ತು ತುಂಬುತ್ತಲ್ಲ, ಅವತ್ತು ಇಡೀ ಕುಟುಂಬಕ್ಕೆ ಕೋಸು ನಾನೇ ಮಾಡ್ತೀನಿ."

*

ಓಮಾಳ ಹಳೇ ಕಲ್ಲುಮನೆಯ ವೈರಿಂಗ್ ಬದಲಿಸಬೇಕಿತ್ತು. ಕಾಲಮ್ ಒಪ್ಪಿಕೊಂಡ. ಭಾನುವಾರಗಳಲ್ಲಿ ಬರುವುದೆಂದಾಯಿತು. ಒಂದು ಭಾನುವಾರ ಹಜಾರ, ಇನ್ನೊಂದು ಭಾನುವಾರ ಮಲಗುವ ಕೋಣೆ. ಕೆಲಸ ಬಸವನಹುಳುವಿನಂತೆ ಸಾಗಿತು.

ಏಣಿಯ ಮೇಲೆ ನಿಂತು ಅವನು ನೋಡುತ್ತಿದ್ದುದು ಗೋಡೆಯನ್ನಲ್ಲ. ತೆರೆದ ಬಾಗಿಲಿನಾಚೆ ಅಡುಗೆಮನೆಯಲ್ಲಿ ಟ್ರೂಡಿ ಕೋಸಿನ ಗಡ್ಡೆಯನ್ನು ಎರಡು ಹೋಳು ಮಾಡುವಳು. ಒಳಗೆ ಬಿಳಿ, ನೇರಳೆ ಸುರುಳಿಗಳು, ಯಾರೋ ಕೂತು ಬರೆದ ರಂಗೋಲಿಯಂತೆ. ಅವಳು ದಿನವೂ ನೋಡುವ ವಸ್ತು. ಆದರೂ ಪ್ರತಿಸಲ ಒಂದು ಗಳಿಗೆ ಚಾಕು ನಿಲ್ಲಿಸಿ ಅದನ್ನು ನೋಡುವಳು. ಹಾಗೆ ನೋಡುವವಳನ್ನು ಅವನು ನೋಡುವನು.

ಆಮೇಲೆ ಚಾಕು ಓಡುವುದು. ಕೋಸು ನೂಲಿನ ಹಾಗೆ ಬೀಳುವುದು. ಪಾತ್ರೆಯ ತಳಕ್ಕೆ ಈರುಳ್ಳಿ, ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದ ಬೇಕನ್. ಮೇಲೆ ಕೋಸು, ಹುಳಿ ಸೇಬು, ಒಂದು ಚೂರು ಬೆಣ್ಣೆ.

"ನೀರು ಹಾಕಲ್ವಾ?" ಎಂದು ಒಮ್ಮೆ ಏಣಿಯಿಂದಲೇ ಕೇಳಿದ.

"ಒಂದು ಗುಟುಕು ಸಾಕು. ಕೋಸು ತಾನೇ ನೀರು ಬಿಡುತ್ತೆ. ಅವಸರ ಮಾಡಬಾರದು ಅಷ್ಟೆ." ಒಂದು ಚಮಚ ವಿನೆಗರ್ ಸುರಿದಳು. "ಇದು ಮರೆತ್ರೆ ಬಣ್ಣ ಕೆಡುತ್ತೆ. ಮೊದಲನೇ ಸಲ ಮಾಡಿದಾಗ ನೀಲಿ ಆಗಿಹೋಗಿತ್ತು. ಓಮಾ ನೋಡಿ, 'ಇದನ್ನ ತಿನ್ನೋದೋ, ಪೆನ್ನಿಗೆ ತುಂಬೋದೋ?' ಅಂದ್ಲು."

ಕಾಲಮ್ ನಕ್ಕ ರಭಸಕ್ಕೆ ಏಣಿ ಅಲುಗಿತು.

"ಬಿದ್ದೀರಾ! ನರ್ಸ್ ಮನೆ ಅಂತ ಧೈರ್ಯಾನಾ?"

"ಬಿದ್ರೆ ಎಷ್ಟು ದಿನ ನೋಡ್ಕೋತೀರಾ?"

"ಕಾಲು ಮುರಿದ್ರೆ ಒಂದು ತಿಂಗಳು. ನಾಲಿಗೆ ಮುರಿದ್ರೆ ಜಾಸ್ತಿ."

ಸಂಜೆ ಮೂವರೂ ಊಟಕ್ಕೆ ಕೂರುವರು. ಓಮಾ ಎರಡು ತುತ್ತು ತಿಂದು ತಟ್ಟೆ ಸರಿಸುವಳು. ಟ್ರೂಡಿಯ ಮುಖ ಬಾಡುವುದು. ಆಗ ಕಾಲಮ್ ತನ್ನ ತಟ್ಟೆ ಮುಂದೆ ಚಾಚುವನು: "ನನಗೆ ಇನ್ನೊಂದು ಸ್ವಲ್ಪ." ಬಾಡಿದ ಮುಖ ಮತ್ತೆ ಅರಳುವುದು. ಆ ಅರಳುವಿಕೆಗಾಗಿ ಅವನು ಕೋಸೇನು, ಕೋಸಿನ ಗದ್ದೆಯನ್ನೇ ತಿನ್ನಬಲ್ಲವನಾಗಿದ್ದ.

*

ಹುಟ್ಟುಹಬ್ಬದ ಹಿಂದಿನ ವಾರ ಟ್ರೂಡಿ ಮಾಂಸದಂಗಡಿಗೆ ಹೋದಳು. ಕೌಂಟರಿನ ಹಿಂದೆ ಇದ್ದವಳು ಬ್ರೈಡಿ, ಕಾಲಮ್‌ನ ಅಕ್ಕ.

"ಬೇಕನ್ ಸ್ವಲ್ಪ ಜಾಸ್ತಿ ಕೊಡಿ," ಎಂದಳು ಟ್ರೂಡಿ, ಕೆನ್ನೆ ಕೆಂಪು ಮಾಡಿಕೊಂಡು. "ಕೋಸಿಗೆ. ನಿಮ್ಮ ತಮ್ಮ ತಟ್ಟೆಗಟ್ಟಲೆ ತಿಂತಾರಲ್ಲ."

ಬ್ರೈಡಿಯ ಕೈ ತಕ್ಕಡಿಯ ಮೇಲೇ ನಿಂತಿತು. "ಯಾರು, ಕಾಲಮ್? ಕೋಸಾ?" ಗಹಗಹಿಸಿ ನಕ್ಕಳು. "ನಮ್ಮಪ್ಪ ಕೋಸು ಬೇಯಿಸ್ತಿದ್ದ, ಬಟ್ಟೆ ಬೇಯಿಸೋ ಹಾಗೆ. ಆ ವಾಸನೆ ಬಂದ್ರೆ ಸಾಕು, ಇವನು ಹೋಗಿ ಕೋಳಿಗೂಡಲ್ಲಿ ಕೂತ್ಕೊಳ್ಳೋನು. ಈಗಲೂ ನಮ್ಮನೇಲಿ ಕೋಸು ಮಾಡಿದ್ರೆ ಊಟಕ್ಕೇ ಬರಲ್ಲ!"

ಟ್ರೂಡಿ ಬೇಕನ್ ತೆಗೆದುಕೊಳ್ಳದೆಯೇ ಹೊರಗೆ ಬಂದಳು.

ಭಾನುವಾರ ಅವನು ಏಣಿ ಹೊತ್ತು ಬಂದಾಗ ಅವಳು ಬಾಗಿಲಲ್ಲೇ ನಿಂತಿದ್ದಳು.

"ಮೊದಲನೇ ದಿನ ಹಾಲ್‌ನಲ್ಲಿ ಜೀವ ಅಂದ್ರಲ್ಲ. ಸುಳ್ಳಾ?"

ಅವನು ಏಣಿ ಕೆಳಗಿಟ್ಟ. "ಸುಳ್ಳು."

"ಎರಡನೇ ತಟ್ಟೆ?"

"ಅದೂ ಸುಳ್ಳು."

"ಅದಾದ ಮೇಲೆ ಇಲ್ಲಿ ತಿಂದಿದ್ದು?"

"ಗೊತ್ತಿಲ್ಲ ಟ್ರೂಡಿ. ಅಷ್ಟೊತ್ತಿಗೆ ನಾನು ತಟ್ಟೆ ಕಡೆ ನೋಡೋದು ಬಿಟ್ಟಿದ್ದೆ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಅವಳು ಸೋಲುತ್ತಿದ್ದಳೇನೋ. "ಊರವರೆಲ್ಲ ಮರ್ಯಾದೆಗೆ ಚೆನ್ನಾಗಿದೆ ಅಂತಾರೆ. ಅತ್ತೆ ಹಟಕ್ಕೆ ಕೆಟ್ಟದು ಅಂತಾಳೆ. ಓಮಾ ಏನು ಕೊಟ್ರೂ ಚೆನ್ನಾಗಿದೆ ಅಂತಾಳೆ, ತಿನ್ನಲ್ಲ. ನಿನ್ನೊಬ್ಬನ ಮಾತು ನಂಬ್ಕೊಂಡು ನಾನು ಇಷ್ಟು ಜನಕ್ಕೆ ಮಾಡೋಕೆ ಒಪ್ಕೊಂಡೆ. ಈಗ ನನ್ನ ಕೋಸು ಹೇಗಿದೆ ಅಂತ ನನಗೇ ಗೊತ್ತಿಲ್ಲ. ನೀನು ನನ್ನನ್ನ ಹೊಗಳಲಿಲ್ಲ ಕಾಲಮ್. ಕುರುಡಿ ಮಾಡಿದೆ."

ಸಿಟ್ಟಿನಲ್ಲಿ 'ನೀವು' ಜಾರಿ 'ನೀನು' ಆದದ್ದನ್ನು ಅವಳು ಗಮನಿಸಲಿಲ್ಲ. ಅವನು ಗಮನಿಸಿದ. ಗಮನಿಸಿಯೂ ಅದರ ಸುಖ ಪಡುವ ಹಕ್ಕು ತನಗಿಲ್ಲ ಎಂದುಕೊಂಡು ಏಣಿ ಹೊತ್ತು ಹೊರಟುಹೋದ.

*

ಹುಟ್ಟುಹಬ್ಬದ ದಿನ ಹಿತ್ತಲ ಬಾದಾಮಿ ಮರ ಮೈತುಂಬ ಹೂ ಬಿಟ್ಟಿತ್ತು. ಸೂರ್ಯ ಬೋಳು ದ್ರಾಕ್ಷಿ ಸಾಲುಗಳ ಮೇಲೆ ಬರುವ ಹೊತ್ತಿಗೆ ಕಾಲಮ್ ಅಡುಗೆಮನೆಯ ಬಾಗಿಲು ತಟ್ಟಿದ.

"ಕರೀದೇ ಬಂದಿದ್ದೀನಿ. ಅಡುಗೆಮನೆ ಲೈನ್ ಒಂದು ಬಾಕಿ ಇತ್ತು. ಮೂರು ಕುಕ್ಕರ್, ಹೀಟರ್, ಕೆಟಲ್, ಎಲ್ಲ ಒಟ್ಟಿಗೆ ಹಾಕಿದ್ರೆ ಫ್ಯೂಸ್ ಹಾರುತ್ತೆ. ಆಮೇಲೆ ನಿಮ್ಮತ್ತೆ ಗೆಲ್ತಾರೆ. ಕೆಲಸ ಮುಗಿಸಿ ಹೋಗ್ತೀನಿ."

ಟ್ರೂಡಿ ಬಾಗಿಲಿಂದ ಸರಿದಳು. ಅವನು ಗೋಡೆಯ ಹತ್ತಿರ ಮೊಣಕಾಲೂರಿ ಕೆಲಸ ಮಾಡಿದ. ಅವಳು ಬೆನ್ನು ತಿರುಗಿಸಿ ಕೋಸು ಹೆಚ್ಚಿದಳು. ಲೈನ್ ಮುಗಿಯಿತು, ಕುಕ್ಕರ್‌ಗಳ ಪುಟ್ಟ ದೀಪ ಹತ್ತಿತು. ಆದರೂ ಅವನು ಹೋಗಲಿಲ್ಲ. ಹಿತ್ತಲಿನಲ್ಲಿ ಬೆಂಚು ಹಾಕಿದ, ಕುರ್ಚಿ ಹೊತ್ತ. ಅವಳೂ ಹೋಗು ಎನ್ನಲಿಲ್ಲ.

ಮಧ್ಯಾಹ್ನ ಜನ ಸೇರಿದರು. ಹಿಲ್ಡಾ ಅತ್ತೆ ತಾನು ಒಲೆಯ ಮೇಲೆ ಬೇಯಿಸಿದ ಕೋಸನ್ನು ದೊಡ್ಡ ಪಾತ್ರೆಯಲ್ಲಿ ತಂದು ಕಾರಿನಲ್ಲೇ ಇಟ್ಟಿದ್ದಳು. "ಎಮರ್ಜೆನ್ಸಿಗೆ," ಎಂದಳು.

ಬಡಿಸುವ ಮೊದಲು ಟ್ರೂಡಿ ಕಾಲಮ್‌ನನ್ನು ಅಡುಗೆಮನೆಗೆ ಕರೆದಳು. ಮುಚ್ಚಳ ತೆಗೆದಳು. ಹಬೆ ಇಬ್ಬರ ನಡುವೆ ಎದ್ದಿತು. ಕೋಸು ಕರಗುವಷ್ಟು ಬೆಂದು, ದ್ರಾಕ್ಷಾರಸದ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಅವಳು ಚಮಚ ಅವನ ಕೈಗಿಟ್ಟಳು.

"ರುಚಿ ನೋಡಿ ನೋಡಿ ನನ್ನ ನಾಲಿಗೆ ಸತ್ತುಹೋಗಿದೆ. ನಿಜ ಹೇಳು. ನನ್ನ ಮುಖ ನೋಡಬೇಡ."

ಕಾಲಮ್ ಕಣ್ಣು ಮುಚ್ಚಿದ. ನಿಧಾನವಾಗಿ ಅಗಿದ. ಹೊಗಳುವುದು ಎಷ್ಟು ಸುಲಭವಾಗಿತ್ತು! ಈಗ ನಾಲಿಗೆ ಏಳಲೊಲ್ಲದು. ಇವಳ ಮುಖ ಮತ್ತೆ ಬಾಡಿದರೆ, ಬಾಡಿಸಿದವನು ತಾನೇ.

"ಮೆತ್ತಗೆ, ಚೆನ್ನಾಗಿ ಬೆಂದಿದೆ," ಎಂದ ಕೊನೆಗೆ. "ಆದ್ರೆ ಬರೀ ಸಿಹಿ. ಬಾಯಿ ಎಚ್ಚರ ಆಗ್ತಿಲ್ಲ. ಬೆಳಿಗ್ಗೆ ಹಾಕಿದ ಹುಳಿ ಎಲ್ಲ ಬೆಂದು ಹೋಗಿದೆ ಅನ್ಸುತ್ತೆ. ಉಪ್ಪೂ ಕಡಿಮೆ." ಸ್ವರ ತಗ್ಗಿತು. "ಹೋದ ಸಲಾನೂ ಹೀಗೇ ಇತ್ತು. ನಾನು ಹೇಳಲಿಲ್ಲ."

ಟ್ರೂಡಿ ಅವನನ್ನೇ ನೋಡಿದಳು. ಅವನ ಕಿವಿ ಕೆಂಪಾಗಿತ್ತು, ಕಣ್ಣು ಇನ್ನೂ ಮುಚ್ಚಿತ್ತು, ಏಟಿಗೆ ಕಾಯುವವನ ಹಾಗೆ ನಿಂತಿದ್ದ. ಅವಳು ವಿನೆಗರ್ ಬಾಟಲಿ ತೆಗೆದು ಸುರಿದಳು, ಉಪ್ಪು ಉದುರಿಸಿದಳು, ಕೈಯಾಡಿಸಿದಳು. ಇನ್ನೊಂದು ಚಮಚ ಅವನ ತುಟಿಗೇ ಹಿಡಿದಳು.

ಕಾಲಮ್ ಕಣ್ಣು ಬಿಟ್ಟ. ಹುಬ್ಬು ಮೇಲೇರಿತು. ಅವಳ ಕೈಯಿಂದ ಚಮಚ ಕಿತ್ತುಕೊಂಡು, ಪಾತ್ರೆಗೇ ಅದ್ದಿ ಮತ್ತೊಮ್ಮೆ ಬಾಯಿಗಿಟ್ಟ. ಮತ್ತೊಮ್ಮೆ.

"ಸಾಕು, ಅದು ಜನಕ್ಕೆ!" ಎಂದು ಟ್ರೂಡಿ ಪಾತ್ರೆ ಎಳೆದುಕೊಂಡಳು. ನಗು ತಡೆಯಲು ಆಗಲಿಲ್ಲ.

ಬೆಂಚಿನ ತುದಿಯಲ್ಲಿ ಓಮಾ ಕುಳಿತಿದ್ದಳು. ಟ್ರೂಡಿ ಬಡಿಸಿ ಪಕ್ಕದಲ್ಲೇ ನಿಂತಳು. ಓಮಾಳ ಫೋರ್ಕ್ ನಡುಗುತ್ತ ಬಾಯಿಗೆ ಹೋಯಿತು. ಒಂದು ತುತ್ತು. ಎರಡನೇ ತುತ್ತು. ತಟ್ಟೆ ಸರಿಯುವ ಹೊತ್ತಾಯಿತು ಎಂದು ಟ್ರೂಡಿ ಉಸಿರು ಬಿಗಿಹಿಡಿದಳು. ಓಮಾ ಎಡಗೈಯಿಂದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಮೂರನೇ ತುತ್ತು ತಿಂದಳು. ಆಮೇಲೆ ತಲೆ ಎತ್ತಲೇ ಇಲ್ಲ. ಬ್ರೆಡ್ಡಿನ ಚೂರಿನಿಂದ ರಸ ಒರೆಸಿ ತಿಂದು, ಖಾಲಿ ತಟ್ಟೆ ಎತ್ತಿ ಹಿಡಿದಳು.

"ನಿಮ್ಮಜ್ಜ ಇದ್ದಿದ್ರೆ ಈಗ ನನ್ನ ತಟ್ಟೆಗೂ ಕೈ ಹಾಕ್ತಿದ್ದ. ಇನ್ನೊಂದು ಸ್ವಲ್ಪ ಹಾಕು."

ಹಿಲ್ಡಾ ಅತ್ತೆ ತಾಯಿಯನ್ನು ನೋಡಿದಳು. ಟ್ರೂಡಿಯ ಕೈಯಿಂದ ಸೌಟು ತೆಗೆದುಕೊಂಡು, ತಾನೇ ತಾಯಿಗೆ ಬಡಿಸಿದಳು. ಕಣ್ಣಲ್ಲಿ ನೀರಿತ್ತು. "ಇದನ್ನ ಬೆಳಿಗ್ಗೆ ಎಷ್ಟು ಹೊತ್ತಿಗೆ ಇಡಬೇಕು?" ಎಂದು ಕೇಳಿದಳು ಮೆಲ್ಲಗೆ.

ಟ್ರೂಡಿ ಹಿತ್ತಲ ಮೂಲೆಗೆ, ಬಾದಾಮಿ ಮರದ ಕೆಳಗೆ ಓಡಿಹೋಗಿ ಅಳತೊಡಗಿದಳು. ಕಾಲಮ್ ಹಿಂದೆಯೇ ಬಂದ.

"ಅಳ್ತಿದ್ದೀಯಾ?"

"ಇಲ್ಲ. ಕೋಸಿನ ಹಾಗೆ ನೀರು ಬಿಡ್ತಿದ್ದೀನಿ." ಮೂಗು ಒರೆಸಿಕೊಂಡಳು. "ಇನ್ನೇನಾದ್ರೂ ಸುಳ್ಳು ಬಾಕಿ ಇದ್ರೆ ಈಗಲೇ ಹೇಳಿಬಿಡು."

"ಒಂದಿದೆ. ಈ ಮನೆ ವೈರಿಂಗ್ ಎರಡು ದಿನದ ಕೆಲಸ."

"ನನಗೆ ಗೊತ್ತಿತ್ತು," ಎಂದಳು ಟ್ರೂಡಿ. "ಏಣಿ ಮೇಲೆ ಅಷ್ಟು ಹೊತ್ತು ಸುಮ್ನೆ ನಿಲ್ಲೋ ಎಲೆಕ್ಟ್ರಿಷಿಯನ್‌ನ ಎಲ್ಲೂ ನೋಡಿಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಕೆಲಸ ಮುಗಿಸಿಬಿಡ್ತಿದ್ದೆ."

ಗಾಳಿಗೆ ಬಾದಾಮಿ ಹೂ ಉದುರಿ ಅವಳ ಕೂದಲಿಗೆ ಸಿಕ್ಕಿತು. ಅವನು ಅದನ್ನು ತೆಗೆಯಲು ಕೈ ಎತ್ತಿ, ತೆಗೆಯದೆ, ಹಾಗೇ ಅವಳ ಕೆನ್ನೆ ಹಿಡಿದ.

"ಇದನ್ನ ನಿನ್ನ ಮುಖ ನೋಡಿಯೇ ಹೇಳ್ತೀನಿ," ಎಂದ. "ನನಗೆ ನೀನು ಬೇಕು ಟ್ರೂಡಿ. ಇದರಲ್ಲಿ ಒಂದು ಚೂರೂ ಸುಳ್ಳಿಲ್ಲ."

ಅವಳು ಅವನ ಸ್ವೆಟರ್ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಅವನ ತುಟಿಯಲ್ಲಿ ಇನ್ನೂ ಲವಂಗದ ಘಮವಿತ್ತು.

"ಟ್ರೂಡೀ!" ಹಿಲ್ಡಾ ಅತ್ತೆಯ ದನಿ ಹಿತ್ತಲು ದಾಟಿ ಬಂತು. "ಕೇಕ್ ಕುಯ್ಯೋ ಹೊತ್ತಾಯ್ತು, ಎಲ್ಲಿದ್ದೀಯೇ?"

ಟ್ರೂಡಿ ಮುಖ ಹೊರಳಿಸಿದಳು, ಹಿಡಿದ ಸ್ವೆಟರ್ ಬಿಡಲಿಲ್ಲ.

"ಬಂದ್ವಿ ಅತ್ತೇ," ಎಂದು ಕೂಗಿದಳು.