ಬೇಡ ಅನ್ನಲು ಬಾರದ ಡಿಫೆಂಡರ್

ಇನ್ನೊಂದು ಒಬ್ಬಟ್ಟು ನನ್ನ ತಟ್ಟೆಗೆ ಬಿತ್ತು.

ಅದರ ಮೇಲೆ ತುಪ್ಪ.

ತಲೆ ಎತ್ತಿ ನೋಡಿದೆ. ಎದುರಿಗೆ ಪ್ರಭಾ ಆಂಟಿ, ಕೈಯಲ್ಲಿ ತುಪ್ಪದ ಮಿಳ್ಳೆ. ಅವರ ಹಿಂದೆ, ಬಾಗಿಲಿಗೆ ಅಡ್ಡವಾಗಿ, ಮಲ್ಲಪ್ಪ. ಧಾರವಾಡದ ಆಸಾಮಿ. ಆಬರ್ನ್ ಹಿಲ್ಸ್ ಫುಟ್ಬಾಲ್ ಕ್ಲಬ್ಬಿನ ಗೋಲ್‌ಕೀಪರ್. ಅವನು ಬಾಗಿಲಲ್ಲಿ ನಿಂತರೆ ಗಾಳಿ ಕೂಡ ಪರ್ಮಿಷನ್ ಕೇಳಿಕೊಂಡು ಒಳಗೆ ಬರಬೇಕು.

ಸಾಕು ಅಂದೆ.

"ಏನ್ ಸಾಕು? ನೀವಿನ್ನೂ ಶುರುನೇ ಮಾಡಿಲ್ಲ," ಅಂದರು ಆಂಟಿ.

ಆಗ ಗೊತ್ತಾಯ್ತು ಸಾರ್... ಈ ಮನೆಯಿಂದ ಹೊರಗೆ ಬೀಳೋದು ಸುಲಭ ಇಲ್ಲ!

ನಾನು ಇಕ್ರಾಮ್. ಹುಟ್ಟಿದ್ದು ಚನ್ನಪಟ್ಟಣ, ಇರೋದು ಷಿಕಾಗೋ ಪಕ್ಕದ ಗ್ಲೆಂಡೇಲ್ ಹೈಟ್ಸ್. ಕಾಣೆಯಾದವರನ್ನ ಹುಡುಕೋದು, ಸಿಕ್ಕವರನ್ನ ವಾಪಸ್ ತರೋದು, ಇದೇ ನನ್ನ ದಂಧೆ. ಎರಡು ಸಲ ನನ್ನ ಮುಖಕ್ಕೆ ಗನ್ ಹಿಡಿದಿದ್ದಾರೆ. ಒಂದು ಸಲ ನಾಯಿ ಛೂ ಬಿಟ್ಟಿದ್ದಾರೆ. ನಾಯಿ ವಿಷಯ ಬಿಡಿ. ಒಟ್ಟಿನಲ್ಲಿ ನಾನು ಹೆದರೋ ಪಾರ್ಟಿ ಅಲ್ಲ.

ಆದರೆ 2003ರ ಜನವರಿಯ ಆ ಶನಿವಾರ ಮಧ್ಯಾಹ್ನ ನಿಜವಾಗ್ಲೂ ಹೆದರಿದ್ದೆ.

ಹಿಂದಿನ ದಿನ ಶರ್ಫುನ್ನೀಸಾ ಆಪಾ ನನ್ನನ್ನ ಅಂಗಡಿಗೆ ಕರೆಸಿದ್ದರು. ಆಪಾಗೆ ಒಂದು ದಿನಸಿ ಅಂಗಡಿ ಇದೆ, ಮನೆ ತುಂಬ ಮೊಮ್ಮಕ್ಕಳಿದ್ದಾರೆ, ಅದೆಲ್ಲ ಸಾಲದು ಅಂತ ಒಂದು ಫುಟ್ಬಾಲ್ ಕ್ಲಬ್ಬೂ ಇದೆ. ನಮ್ಮೂರ ಹತ್ತಿರದ ಬೋಲಿಂಗ್‌ಬ್ರೂಕಿನ ಒಂದು ಹಳೇ ವೇರ್‌ಹೌಸಲ್ಲಿ ಹಸಿರು ಕಾರ್ಪೆಟ್ ಹಾಸಿ ಆಡೋ ಲೀಗು. ಒಂದು ಕಡೆಗೆ ಆರು ಜನ. ಆಪಾ ಟೀಮಲ್ಲಿ ಒಬ್ಬನ ಮಂಡಿ ಹೋಗಿತ್ತು, ಇನ್ನೊಬ್ಬ ಟೆಕ್ಸಸ್‌ಗೆ ಹೋಗಿದ್ದ. ಉಳಿದವರು ಐದೇ ಜನ. ಆಳಿಲ್ಲದೆ ಒಂದು ಮ್ಯಾಚು ಆಗಲೇ ಬಿಟ್ಟುಕೊಟ್ಟಾಗಿತ್ತು. ಶನಿವಾರ ಸಂಜೆ ಇನ್ನೊಂದನ್ನ ಬಿಟ್ಟರೆ ಲೀಗಿನಿಂದಲೇ ಗೇಟ್‌ಪಾಸ್.

"ಕ್ಲಬ್ ಹೋದ್ರೆ ವಾರವೆಲ್ಲ ಕಾದು ನಾನು ಯಾರ ಮೇಲೆ ಕೂಗಾಡಲಿ, ಹೇಳು," ಅಂದರು ಆಪಾ. ಅದೂ ಮೆಲ್ಲಗೆ. ಆಪಾ ಗಂಟಲು ಅಷ್ಟು ಮೆಲ್ಲಗಾಗಿದ್ದನ್ನ ನಾನು ಹಿಂದೆ ಕೇಳೇ ಇರಲಿಲ್ಲ.

ಆರನೆಯವನು ಒಬ್ಬ ಇದ್ದ. ಫ್ರಾನ್ಸಿನವನು. ಎತಿಯೆನ್ ವೊಕ್ಲೆರ್, ಡಿಫೆಂಡರ್. ಕ್ರಿಸ್ಮಸ್ ರಜೆಗೆ ಆಬರ್ನ್ ಹಿಲ್ಸ್‌ನ ಮಕ್ಕಳಿಗೆ ಒಂದೇ ಒಂದು ದಿನ ಕೋಚಿಂಗ್ ಕೊಟ್ಟು ಬರ್ತೀನಿ ಅಂತ ಹೋದವನು ಪತ್ತೆಯಿಲ್ಲ. ಮೊದಮೊದಲು ಫೋನಲ್ಲಿ ನಾಳೆ ಬರ್ತೀನಿ ಅಂತಿದ್ದನಂತೆ. ಆಮೇಲೆ ಫೋನೂ ಆಫ್.

ಎತ್ತಾಕ್ಕೊಂಡು ಬಾ ಅಂದರು ಆಪಾ. ಕಾಲಿಗೆ ಮಾತ್ರ ಪೆಟ್ಟು ಮಾಡಬೇಡ, ಆಡಬೇಕು ಅವನು ಅಂತಲೂ ಸೇರಿಸಿದರು.

ಈ ವೊಕ್ಲೆರ್‌ದು ಏನು ಕ್ಲಬ್ ಜೀವನ ಅಂತೀರಿ! ಉತ್ತರ ಫ್ರಾನ್ಸಿನ ಯಾವುದೋ ಕಲ್ಲಿದ್ದಲ ಊರಿನ ಕ್ಲಬ್ಬಲ್ಲಿ ಶುರು. ಒಂದು ದಿನ ಪ್ರಾಕ್ಟೀಸಿಗೆ ಹೋದರೆ ಅವನ ಲಾಕರ್ ಮೇಲೆ ಬೇರೆಯವನ ಹೆಸರು. ಅಲ್ಲಿಂದ ದಕ್ಷಿಣದ ಬಂದರು ಊರಿನ ಕ್ಲಬ್ಬು. ಕೋಚ್ ಬದಲಾದ, ಇವನನ್ನ ಬಿಟ್ಟ ಸುದ್ದಿ ಇವನಿಗೇ ರೇಡಿಯೋದಲ್ಲಿ ಗೊತ್ತಾಯ್ತು. ಆಮೇಲೆ ಬೆಲ್ಜಿಯಂ. ರಜೆ ಮುಗಿಸಿ ಬಂದರೆ ಕ್ಲಬ್ಬಿನ ಗೇಟಿಗೆ ಬೀಗ. 97ರಲ್ಲಿ ಡೆಟ್ರಾಯಿಟ್ ಕಡೆಯ ಒಂದು ಪ್ರೊಫೆಷನಲ್ ಇಂಡೋರ್ ಟೀಮಿಗೆ ಬಂದ. ಹೊಗೆ, ಲೈಟು, ಪಾಪ್‌ಕಾರ್ನು, ಎಲ್ಲ ಜೋರು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಆಡೋ ಹಾಲ್‌ನಲ್ಲಿ ದೋಣಿ ಮಾರ್ತಿದ್ದಾರೆ. ಟೀಮೇ ಇಲ್ಲ! ಕೊನೆಗೆ ಹೊಟ್ಟೆಪಾಡಿಗೆ ಬೋಲಿಂಗ್‌ಬ್ರೂಕಲ್ಲಿ ಸರಕು ಎತ್ತೋ ಫೋರ್ಕ್‌ಲಿಫ್ಟ್ ಓಡಿಸೋಕೆ ಸೇರಿ, ಅಲ್ಲಿ ಆಪಾ ಕಣ್ಣಿಗೆ ಬಿದ್ದ.

ಇಷ್ಟು ವರ್ಷದಲ್ಲಿ ಅವನು ಒಂದು ಗೋಲೂ ಹೊಡೆದಿಲ್ಲ. ಒಂದೂ! ಕೇಳಿದರೆ, ತಡೆಯೋದು ನನ್ನ ಕೆಲಸ, ಹೊಡೆಯೋದಲ್ಲ ಅಂತಾನೆ.

ಬೆಳಗಿನ ಜಾವವೇ ಹೊರಟು ಮುನ್ನೂರು ಮೈಲಿ ಓಡಿಸಿ ಡೆಟ್ರಾಯಿಟ್ ಪಕ್ಕದ ಆಬರ್ನ್ ಹಿಲ್ಸ್ ಮುಟ್ಟಿದೆ. ಅಲ್ಲಿನ ಕ್ಲಬ್ ಪ್ರೆಸಿಡೆಂಟ್ ಶೇಷಗಿರಿ ಅವರ ಮನೆ. ಮೈಸೂರಿನವರು, ಕಾರ್ ಕಂಪನಿಯಲ್ಲಿ ಇಂಜಿನಿಯರ್. ಪ್ರಭಾ ಆಂಟಿ ಅವರ ಹೆಂಡತಿ. ವೊಕ್ಲೆರ್‌ನನ್ನ ಬೇಸ್‌ಮೆಂಟಲ್ಲಿ ಕೈ ಕಾಲು ಕಟ್ಟಿ ಹಾಕಿರ್ತಾರೆ ಅಂತ ಲೆಕ್ಕ ಹಾಕಿದ್ದೆ. ಜೇಬಲ್ಲಿ ಚಾಕು ಕೂಡ ಇಟ್ಟುಕೊಂಡಿದ್ದೆ, ಹಗ್ಗ ಕೊಯ್ಯೋಕೆ.

ಹಗ್ಗ ಎಲ್ಲಿಂದ ಬರಬೇಕು!

ಮನೆ ತುಂಬ ನೆಂಟರಿಷ್ಟರು. ನಡುವೆ ಸೋಫಾ ಮೇಲೆ ವೊಕ್ಲೆರ್. ಪಂಚೆ ಉಟ್ಟಿದ್ದಾನೆ. ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಬಿಸಿಬೇಳೆಬಾತ್. ಮತ್ತೆ ಹೊಟ್ಟೆ... ಅಯ್ಯೋ ದೇವರೇ! ಹೋಗುವಾಗ ಕಡ್ಡಿ ಹಾಗಿದ್ದವನು ಈಗ ಪಂಚೆ ಗಂಟು ಬಿಚ್ಚಿ ಬಿಚ್ಚಿ ಕಟ್ಟಿಕೊಳ್ತಿದ್ದ.

ಆಗಿದ್ದಿಷ್ಟೇ. ಕೋಚಿಂಗ್ ಮುಗಿದ ದಿನ ಪ್ರಭಾ ಆಂಟಿ ಊಟ ಹಾಕಿದರು. ಮಾರನೇ ದಿನ ಪಕ್ಕದ ಮನೆಯವರು, ಅವರ ಮನೇಲಿ ಉಂಡಿದ್ದೀರಿ, ನಮ್ಮನೇಲಿ ಬೇಡವಾ ಅಂದರು. ಅದರ ಮಾರನೇ ದಿನ ಆಚೆ ಮನೆ. ಬಡಾವಣೆ ದೊಡ್ಡದು ನೋಡಿ. ಒಂದು ಮನೇಲಿ ಉಂಡು ಇನ್ನೊಂದು ಮನೇಲಿ ಬೇಡ ಅಂದರೆ ಅವಮಾನ, ಒಂದು ಸುತ್ತು ಮುಗಿಯೋ ಹೊತ್ತಿಗೆ ಮೊದಲನೇ ಮನೆಯವರು ಯಾಕೆ ಬರ್ತಾನೇ ಇಲ್ಲ ಅಂತ ಕೇಳ್ತಾರೆ. ಕಟ್ಟಿ ಹಾಕೋಕೆ ಹಗ್ಗ ಯಾಕೆ ಬೇಕು, ಹೇಳಿ?

ಪಕ್ಕದಲ್ಲಿ ಕೂತು ಮೆಲ್ಲಗೆ ಇಂಗ್ಲಿಷಲ್ಲಿ ಹೇಳಿದೆ. ಎದ್ದೇಳು, ಸಂಜೆ ಮ್ಯಾಚಿದೆ, ನೀನಿಲ್ಲದೆ ಆಪಾ ಕ್ಲಬ್ ಮುಳುಗುತ್ತೆ ಅಂತ.

ಅವನು ಏಳಲಿಲ್ಲ. ಬಾತಲ್ಲಿ ಬೆರಳಾಡಿಸುತ್ತ ಕೂತ. ನಾಲ್ಕು ಕ್ಲಬ್ಬಿನವರು ನನ್ನನ್ನ ಹೊರಗೆ ಕಳಿಸಿದ್ದಾರೆ ಅಂದ. ಇರು ಅಂತ ಒಬ್ಬರೂ ಅಂದಿಲ್ಲವಂತೆ. ಇಲ್ಲಿ ದಿನಾ ಅಂತಾರೆ. ಶೇಷಗಿರಿ ಸಾಹೇಬರು ಮಕ್ಕಳಿಗೆ ಕೋಚ್ ಆಗಿ ಇಲ್ಲೇ ಇದ್ದುಬಿಡು ಅಂದಿದ್ದಾರೆ.

"ಆಪಾ?" ಅಂದೆ.

"ಆಪಾ ಬೈತಾರೆ."

"ಬೈಯೋದು ತನ್ನವರನ್ನ ಮಾತ್ರ ಕಣಯ್ಯಾ. ಅದಿರಲಿ, ಬಿಟ್ಟು ಹೋಗ್ತೀನಿ ಅಂತ ಆಪಾಗೆ ಹೇಳಿದ್ಯಾ?"

ಅವನು ಬಾತಿನ ಗೋಡಂಬಿ ಪಕ್ಕಕ್ಕೆ ಸರಿಸಿದ.

"ಹೇಳಿಲ್ಲ. ಹಾಗಾದ್ರೆ ನಿನಗೂ ರೇಡಿಯೋದಲ್ಲಿ ಹೇಳಿಸಿದ ಆ ಕ್ಲಬ್ಬಿನವರಿಗೂ ಏನು ವ್ಯತ್ಯಾಸ?"

ಅವನ ಮುಖ ಸುಣ್ಣದ ಹಾಗಾಯ್ತು. ನನಗೇ ಪಾಪ ಅನ್ನಿಸ್ತು. ತಟ್ಟೆ ಕೆಳಗಿಟ್ಟ. ನಡಿ ಹೋಗೋಣ ಅಂದ.

ಹೋಗೋದು ಹೇಗೆ?

ಶೇಷಗಿರಿ ನಗುನಗುತ್ತಾ ಬಂದರು. ಸಂಜೆ ಕಾಫಿ ಆಗಲಿ, ರಾತ್ರಿ ಊಟ ಆಗಲಿ, ಹಿಮ ಬೇರೆ ಬೀಳ್ತಿದೆ, ನಾಳೆ ಹೋದರಾಯ್ತು ಅಂದರು. ಮ್ಯಾಚ್ ಅಂತ ಬಾಯಿ ತೆರೆದೆ. ಬಾಯಿಗೆ ಆಂಬೊಡೆ ಬಂತು. ಎದ್ದು ನಿಂತೆ. ಹೆಗಲ ಮೇಲೆ ಮಲ್ಲಪ್ಪನ ಕೈ ಬಿತ್ತು.

"ಊಟ ಅರ್ಧಕ್ಕ ಬಿಟ್ಟು ಏಳಬಾರದ್ರಿ. ಕುಂದ್ರಿ."

ಕೂತೆ. ಆ ಕೈ ಬಿದ್ದರೆ ನೀವೂ ಕೂರ್ತೀರಿ.

ಒಬ್ಬಟ್ಟಿನ ವಿಷಯ ಆಗಲೇ ಹೇಳಿದೆನಲ್ಲ, ಅದು ಬಿದ್ದಿದ್ದು ಈಗ. ತಲೆ ಓಡಿಸಿದೆ. ನಮ್ಮವರ ಮನೆಯೊಳಗೆ ಶೂ ಹಾಕಿಕೊಂಡು ಯಾರೂ ಬರಲ್ಲ. ಅಷ್ಟೂ ಜನರ ಶೂ ಗರಾಜಲ್ಲಿ ರಾಶಿ ಬಿದ್ದಿದೆ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗೋ ಚಳಿ. ಶೂ ಇಲ್ಲದೆ ಯಾವ ಗಂಡು ನನ್ನನ್ನ ಬೆನ್ನಟ್ಟುತ್ತಾನೆ?

ವೊಕ್ಲೆರ್‌ಗೆ ಕಣ್ಸನ್ನೆ ಮಾಡಿ, ಕೈ ತೊಳೆದು ಬರ್ತೀನಿ ಅಂದೆ. ಅದಕ್ಕೆ ಮಾತ್ರ ಯಾರೂ ಅಡ್ಡ ಬರಲ್ಲ!

ಗರಾಜಿಗೆ ನುಗ್ಗಿದೆ. ಬಾಚಿದೆ, ಬಾಚಿದೆ, ಶೂ, ಬೂಟು, ಚಪ್ಪಲಿ, ಎಲ್ಲ ನನ್ನ ಹಳೇ ಬ್ಯೂಕ್ ಕಾರಿನ ಡಿಕ್ಕಿಗೆ. ವೊಕ್ಲೆರ್ ಪಂಚೆ ಎತ್ತಿ ಕಟ್ಟಿ ಓಡಿ ಬಂದ. ಗಾಡಿ ಸ್ಟಾರ್ಟ್! ರಿವರ್ಸ್! ಕನ್ನಡಿಯಲ್ಲಿ ನೋಡಿದೆ. ಡ್ರೈವ್‌ವೇ ಮೇಲೆ ಮಲ್ಲಪ್ಪ, ಬರೀ ಸಾಕ್ಸಲ್ಲಿ ಹಿಮದ ಮೇಲೆ ಕುಣೀತಿದ್ದ.

ಗೆದ್ದೆ ಅಂದುಕೊಂಡೆ.

ಹೈವೇ ಹತ್ತಿದ ಮೇಲೆ ಕಾಲು ತಣ್ಣಗಾಗಿದ್ದು ಗೊತ್ತಾಯ್ತು. ನಾನೂ ಸಾಕ್ಸಲ್ಲೇ ಇದ್ದೆ! ವೊಕ್ಲೆರ್‌ದು ಬರಿಗಾಲು. ಆ್ಯನ್ ಆರ್ಬರ್ ದಾಟಿ ನಿಲ್ಲಿಸಿ ಡಿಕ್ಕಿ ಹುಡುಕಿದೆವು. ನನ್ನ ಶೂ ಇಲ್ಲ. ಅವನ ಆಟದ ಬೂಟೂ ಇಲ್ಲ. ಹಿಮದಲ್ಲಿ ಒದ್ದೆಯಾದ ಜೋಡು ಕಂಡರೆ ಪ್ರಭಾ ಆಂಟಿ ಮನೆ ಬೆಚ್ಚಗಿಡೋ ಫರ್ನೇಸ್ ಪಕ್ಕ ಒಣಗೋಕೆ ಇಡ್ತಾರಂತೆ, ಅದೂ ಹೊರಗಿಂದ ಬಂದ ಅತಿಥಿಗಳದ್ದು ಮಾತ್ರ. ಎಂಥಾ ಮರ್ಯಾದೆ ನೋಡಿ, ಕುತ್ತಿಗೆಗೆ ಬಂತು!

ನನಗೆ ಒಂದು ಜೋಡಿ ಸರಿಹೋಯ್ತು. ಯಾರೋ ಆಂಟಿಯದು. ನೇರಳೆ ಬಣ್ಣ, ಮೇಲೆ ತುಪ್ಪಳ. ಹಾಕ್ಕೊಂಡೆ, ಇನ್ನೇನು ಮಾಡ್ತೀರಿ. ವೊಕ್ಲೆರ್ ಪಾದವೋ ಮೊರದಗಲ, ಯಾವುದೂ ಹಿಡಿಯಲಿಲ್ಲ. ಬೂಟಿಲ್ಲದವನನ್ನ ರೆಫರಿ ಒಳಗೆ ಬಿಡಲ್ಲ ಅಂದ ಅವನು. ಊರೆಲ್ಲ ಹುಡುಕಿದರೂ ನನ್ನ ಸೈಜ್ ಸಿಗಲ್ಲ, ತರಿಸಿಕೊಳ್ಳಬೇಕು ಅಂತಲೂ ಅಂದ.

ವಾಪಸ್ ಹೋಗೋ ಹಾಗಿಲ್ಲ. ಹೋದರೆ ಕಾಫಿ.

ಅಷ್ಟರಲ್ಲಿ ಹಿಂದೆ ಒಂದು ಬಿಳಿ ವ್ಯಾನು. ಲೈಟು ಪಕಪಕ. ಸ್ಟೀರಿಂಗ್ ಹಿಂದೆ ಒಂದು ದೊಡ್ಡ ದೇಹ... ಮಲ್ಲಪ್ಪ!

ಆಕ್ಸಿಲರೇಟರ್ ತುಳಿದೆ. ನೇರಳೆ ಬೂಟು ಜಾರಿತು. ಕಲಮಜೂ ಊರಿನ ಹತ್ತಿರ ಸಮುದ್ರದಂಥ ಕೆರೆ ಕಡೆಯಿಂದ ಹಿಮ ರಾಚಿ ರಸ್ತೆಯೇ ಕಾಣದು. ಎರಡು ಟ್ರಕ್ಕಿನ ನಡುವೆ ನುಸುಳಿದೆ. ವ್ಯಾನೂ ನುಸುಳಿತು! ಎಕ್ಸಿಟ್ ತಗೊಂಡು ಗ್ಯಾಸ್ ಸ್ಟೇಷನ್ ಹಿಂದೆ ಅಡಗಿದೆ. ಹೊರಗೆ ಬಂದರೆ ಮತ್ತೆ ಹಿಂದೆಯೇ ಹಾರ್ನು! ವೊಕ್ಲೆರ್ ಬೆಲ್ಟ್ ಹಿಡಿದು ಫ್ರೆಂಚಲ್ಲಿ ದೇವರನ್ನ ಕರೀತಿದ್ದ. ನಾನೂ ನನ್ನ ಪಾಡಿಗೆ ಕರೀತಿದ್ದೆ. ಇಂಡಿಯಾನಾದಲ್ಲಿ ಟ್ರಾಫಿಕ್ ನಡುವೆ ಅಂತೂ ಅದು ಕಣ್ಮರೆಯಾಯ್ತು.

ಷಿಕಾಗೋ ಗಡಿಯಾರ ಡೆಟ್ರಾಯಿಟಿಗಿಂತ ಒಂದು ಗಂಟೆ ಹಿಂದೆ. ಆ ಪುಕ್ಕಟೆ ಗಂಟೆಯೇ ನಮ್ಮನ್ನ ಉಳಿಸಿದ್ದು. ಬೋಲಿಂಗ್‌ಬ್ರೂಕ್ ಮುಟ್ಟಿದಾಗ ಹುಡುಗರು ಇನ್ನೂ ಲೇಸ್ ಕಟ್ಟುತ್ತಿದ್ದರು. ಜರ್ಸಿ ಇತ್ತು, ಚಡ್ಡಿ ಇತ್ತು. ರೆಫರಿ ಮಾತ್ರ ವೊಕ್ಲೆರ್ ಪಾದ ನೋಡಿ ತಲೆ ಆಡಿಸಿದ. ಬೂಟಿಲ್ಲ ಅಂದರೆ ಆಟವಿಲ್ಲ. ಸ್ವಲ್ಪ ಹೊತ್ತು ಕಾಯ್ತೀನಿ, ಆಮೇಲೆ ಮ್ಯಾಚ್ ಅವರಿಗೆ ಅಂದ.

ಆಪಾ ನನ್ನ ಬೂಟು ನೋಡಿದರು. ಅವನ ಹೊಟ್ಟೆ ನೋಡಿದರು. ಬೈಯಲಿಲ್ಲ. ಅದಕ್ಕೇ ನನಗೆ ಭಯ ಆಗಿದ್ದು. ಬೆಂಚ್ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು, ಬೆವರು ಅನ್ನೋ ಥರ.

ಬಾಗಿಲು ಧಡಾರ್ ಅಂತ ತೆರೆದುಕೊಂಡಿತು.

ಮಲ್ಲಪ್ಪ! ಕಾಲಲ್ಲಿ ಬಾತ್‌ರೂಮಿನ ಹವಾಯಿ ಚಪ್ಪಲಿ. ನಾನು ಮುಷ್ಟಿ ಬಿಗಿದೆ. ಅವನ ಹಿಂದಿನಿಂದ ಪ್ರಭಾ ಆಂಟಿ ಮುಂದೆ ಬಂದರು. ಒಂದು ಕೈಯಲ್ಲಿ ದೊಡ್ಡ ಟಿಫಿನ್ ಕ್ಯಾರಿಯರ್. ಇನ್ನೊಂದರಲ್ಲಿ ವೊಕ್ಲೆರ್ ಬೂಟು.

"ಬೂಟ್ ಮರೆತು ಹೋದ್ರೆ ಹುಡುಗ ಹೇಗೆ ಆಡ್ತಾನೆ? ದಾರೀಲಿ ಲೈಟ್ ಹಾಕಿದ್ವಿ, ಹಾರ್ನ್ ಹೊಡೆದ್ವಿ, ನೀವು ನೋಡಿದ್ರೆ ಕಳ್ಳರ ಥರ ಓಡಿಸ್ತೀರಿ! ಪುಣ್ಯಕ್ಕೆ ಈ ಜಾಗ ಮಲ್ಲಪ್ಪನಿಗೆ ಗೊತ್ತಿತ್ತು."

ಬೂಟು ಬೆಚ್ಚಗಿತ್ತು. ದಾರಿಯುದ್ದಕ್ಕೂ ವ್ಯಾನಿನ ಹೀಟರ್ ಮುಂದೆ ಹಿಡಿದುಕೊಂಡೇ ಬಂದಿದ್ದರಂತೆ. ವೊಕ್ಲೆರ್ ಅದನ್ನ ತಗೊಂಡು ಎದೆಗೆ ಅವಚಿಕೊಂಡ. ಹಾಕ್ಕೊಳ್ಳೋ ಅಂತ ಆಪಾ ಗದರಿದರು. ಆಪಾ ಗಂಟಲು ವಾಪಸ್ ಬಂದಿತ್ತು!

ಆರು ಜನ ಇಳಿದರು. ಕ್ಲಬ್ ಉಳೀತು. ಅಷ್ಟಕ್ಕೇ ನನ್ನ ಕೆಲಸ ಮುಗಿದಿತ್ತು, ಆದರೆ ಉಳಿದದ್ದನ್ನೂ ಕೇಳಿ.

ವೊಕ್ಲೆರ್ ಓಡಲಾರ. ಆದರೆ ಎಲ್ಲಿ ನಿಲ್ಲಬೇಕು ಅಂತ ಅವನಿಗೆ ಗೊತ್ತು, ಚೆಂಡೂ ಅಲ್ಲಿಗೇ ಬರ್ತಿತ್ತು. ಒಂದನ್ನೂ ಒಳಗೆ ಬಿಡಲಿಲ್ಲ. ಕೊನೆಗಳಿಗೆಯಲ್ಲಿ ಒಂದು ಕಾರ್ನರ್ ಕಿಕ್. ಎಲ್ಲರನ್ನೂ ಮುಂದಕ್ಕೆ ಹೋಗಿ ಅಂತ ಆಪಾ ಕೂಗಿದರು, ಇವನೂ ಹೋಗಿ ಗೋಲಿನ ಮುಂದೆ ನಿಂತ. ಚೆಂಡು ಗುಂಡಿನ ಹಾಗೆ ಬಂತು. ತಲೆ ತಗ್ಗಿಸಿದ. ಧಬಕ್! ಹೊಟ್ಟೆಗೆ ಬಡಿದು, ಪುಟಿದು, ಬಲೆಯೊಳಗೆ!

ಹಾಲ್ ಎದ್ದು ನಿಂತಿತು.

"ನನ್ನ ಒಬ್ಬಟ್ಟು!" ಅಂದರು ಪ್ರಭಾ ಆಂಟಿ.

ಮ್ಯಾಚ್ ಮುಗಿದ ಮೇಲೆ ವೊಕ್ಲೆರ್ ಆಪಾ ಮುಂದೆ ಬಂದು ನಿಂತ. ಹೇಳಬೇಕಾದ್ದನ್ನ ದಾರಿಯಲ್ಲಿ ನಾನೇ ಬಾಯಿಪಾಠ ಮಾಡಿಸಿದ್ದೆ. ಈ ಸೀಸನ್ ಪೂರ್ತಿ ನಿಮಗೇ ಆಡ್ತೀನಿ, ಆಮೇಲೆ ಆಬರ್ನ್ ಹಿಲ್ಸ್‌ಗೆ ಹೋಗ್ತೀನಿ ಅಂತ ಇಂಗ್ಲಿಷಲ್ಲಿ ಹೇಳಿದ. ಕೊನೆಗೆ ಕನ್ನಡದಲ್ಲಿ, ತಡವರಿಸಿಕೊಂಡು:

"ಹೋಗಿ... ಬರ್ತೀನಿ, ಆಪಾ."

ಆಪಾ ಅವನ ಕೆನ್ನೆಗೆ ಮೆಲ್ಲಗೆ ಏಟು ಕೊಟ್ಟರು. ಬರದೇ ಇದ್ದರೆ ಕಾಲು ಮುರೀತೀನಿ ಅಂದರು. ಅವನು ಅತ್ತ ಸಾರ್. ಅಷ್ಟು ದೊಡ್ಡ ಆಳು. ನನ್ನ ಕಣ್ಣಿಗೂ ಏನೋ ಬಿದ್ದಿತ್ತು, ಅದನ್ನ ಬಿಡಿ.

ಮಲ್ಲಪ್ಪ ಡಿಕ್ಕಿ ಖಾಲಿ ಮಾಡಿ ಶೂಗಳನ್ನೆಲ್ಲ ವ್ಯಾನಿಗೆ ತುಂಬಿದ. ಶೂ ಇಲ್ಲದೆ ಅಷ್ಟೂ ಜನ ಶೇಷಗಿರಿ ಮನೆಯಲ್ಲೇ ಕೂತಿದ್ದರಂತೆ, ರಾತ್ರಿ ಊಟಕ್ಕೂ ಅಲ್ಲೇ. ಆಂಟಿಗೆ ಅದೇ ಖುಷಿ. ಕೊನೆಗೆ ಮಲ್ಲಪ್ಪ ನನ್ನ ಮುಂದೆ ಬಗ್ಗಿ ಆ ನೇರಳೆ ಬೂಟನ್ನೂ ಬಿಚ್ಚಿಸಿಕೊಂಡ.

"ನನ್ನ ಶೂ?" ಅಂದೆ.

"ಅದು ಮನೇಲೇ ಇದೆ," ಅಂದರು ಪ್ರಭಾ ಆಂಟಿ. "ಕೈ ತೊಳೀತೀನಿ ಅಂತ ಊಟ ಅರ್ಧಕ್ಕೆ ಬಿಟ್ಟು ಎದ್ರಲ್ಲ, ಬಂದು ಪೂರ್ತಿ ಮಾಡಿ. ಆಮೇಲೆ ಹಾಕ್ಕೊಂಡು ಹೋಗಿ."

ನನ್ನ ಮುಖಕ್ಕೆ ಎರಡು ಸಲ ಗನ್ ಹಿಡಿದಿದ್ದಾರೆ ಸಾರ್. ಕಣ್ಣು ಮಿಟುಕಿಸಿಲ್ಲ ನಾನು.

ಮಾರನೇ ದಿನ ಬೆಳಿಗ್ಗೆ ಎದ್ದವನೇ ಹೋಗಿ ಹೊಸ ಶೂ ಕೊಂಡೆ.