ಎಡ ರೆಕ್ಕೆ

ನಮ್ಮ ಮೊದಲ ಮಾತೇ ಬೈಗುಳ. ಅಚ್ಚಿನೊಳಗೆ ಆಗಷ್ಟೇ ಬಳಿದಿದ್ದ ಬಿಳಿ ಪದರದ ಮೇಲೆ ಯಾರೋ ಬೆರಳಿಟ್ಟು ನೋಡುತ್ತಿದ್ದ.

"ಯಾರ್ರೀ ಅದು, ಕೈ ತೆಗೀರಿ. ಇದೇನು ನಿಮ್ಮ ಮನೆ ಗೋಡೆನಾ?"

"ಗೋಡೆ ಅಲ್ಲ, ರೆಕ್ಕೆ. ನಾನೇ ಡಿಸೈನ್ ಮಾಡಿದ್ದು," ಎಂದ. ಬೆರಳ ತುದಿ ಬೆಳ್ಳಗಾಗಿತ್ತು.

"ಹಾಗಾದ್ರೆ ಒಣಗೋವರೆಗೂ ಮುಟ್ಟಬಾರದು ಅಂತ ನಿಮಗೆ ಇನ್ನೂ ಚೆನ್ನಾಗಿ ಗೊತ್ತಿರಬೇಕಿತ್ತು."

ಅವನು ನಕ್ಕ. ನನ್ನ ಕೋಪ ಅರ್ಧಕ್ಕೇ ನಿಂತಿತು. ಅದೇ ನಾನು ಮಾಡಿದ ಮೊದಲ ತಪ್ಪು ಎಂದು ಈಗ ಅನ್ನಿಸುತ್ತದೆ.

ನಾವು ಕಟ್ಟುತ್ತಿದ್ದದ್ದು ಗ್ಲೈಡರ್, ಅಂದರೆ ಎಂಜಿನ್ ಇಲ್ಲದೆ ಹಾರುವ ವಿಮಾನ. ಗಾಜಿನ ನಾರಿನ ಬಟ್ಟೆಯನ್ನು ಅಚ್ಚಿನೊಳಗೆ ಪದರ ಪದರವಾಗಿ ಹಾಸಿ, ರೆಸಿನ್ ಎಂಬ ಅಂಟುದ್ರವ ಕುಡಿಸಿ, ಗಟ್ಟಿಯಾದ ಮೇಲೆ ಬಿಡಿಸಿ ತೆಗೆಯುವುದು ನನ್ನ ಕೆಲಸ. ಸ್ಪರ್ಧೆಯಲ್ಲಿ ಅದನ್ನು ಹಾರಿಸಬೇಕಿದ್ದವರು ನನ್ನ ಅಕ್ಕನ ಗಂಡ. ಡಿಸೈನರ್ ಮಹಾಶಯ ನಾಲ್ಕು ವರ್ಷದಿಂದ ಆ ಒಂದು ರೆಕ್ಕೆಯ ಗೆರೆಯನ್ನು ಬರೆದು, ಅಳಿಸಿ, ಮತ್ತೆ ಬರೆದಿದ್ದ.

ಬಲ ರೆಕ್ಕೆಯನ್ನು ಉಜ್ಜುವಾಗ ಇಬ್ಬರೂ ಎದುರುಬದುರಾದೆವು. ಉಪ್ಪುಕಾಗದ ಅಂಟಿಸಿದ ಉದ್ದ ಹಲಗೆಯ ಒಂದು ತುದಿ ಅವನದು, ಇನ್ನೊಂದು ನನ್ನದು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಅಷ್ಟೇ ಸಾಕಾಗಿತ್ತು. ಆಗಾಗ ಕಣ್ಣು ಮುಚ್ಚಿ ರೆಕ್ಕೆಯ ಮೇಲೆ ಮೆಲ್ಲಗೆ ಅಂಗೈ ಸವರುತ್ತಿದ್ದ.

"ಇಲ್ಲಿ ಕೂದಲೆಳೆಯಷ್ಟು ಉಬ್ಬಿದೆ ನೋಡಿ."

"ಮನುಷ್ಯರ ಕೈನೂ ಹೀಗೇ ಪರೀಕ್ಷೆ ಮಾಡ್ತೀರಾ?" ಬಾಯಿತಪ್ಪಿ ಕೇಳಿಬಿಟ್ಟೆ.

"ಕೊಟ್ರೆ ಮಾಡ್ತೀನಿ."

ಕೊಟ್ಟೆ. ಹಲಗೆ ಕೆಳಗೆ ಬಿತ್ತು, ಯಾರೂ ಎತ್ತಲಿಲ್ಲ. ಆ ಸಂಜೆಯಿಂದ ನೀವು ಹೋಗಿ ನೀನು ಬಂತು.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ. ರೆಸಿನ್‌ಗೆ ಅದನ್ನು ಗಟ್ಟಿಮಾಡುವ ಹಾರ್ಡನರ್ ಬೆರೆಸಿದಾಗಲೆಲ್ಲ ಉಳಿದ ಚೂರನ್ನು ಕಾಗದದ ಲೋಟದಲ್ಲಿ ಬಿಟ್ಟು, ಯಾವ ಭಾಗಕ್ಕೆ ಹಾಕಿದ್ದೆಂದು ಬರೆದು ಕಪಾಟಿನಲ್ಲಿಡುತ್ತೇವೆ. ಮರುದಿನ ಉಗುರು ಒತ್ತಿ ನೋಡುವುದು. ಗುರುತು ಬಿದ್ದರೆ ಅಳತೆ ತಪ್ಪಿದೆ ಎಂದರ್ಥ. ಆ ಭಾಗವನ್ನು ಎರಡು ಮಾತಿಲ್ಲದೆ ಎಸೆಯಬೇಕು. ಕಲಕಿದ ಕಡ್ಡಿಯೂ ಲೋಟದಲ್ಲೇ ಗಟ್ಟಿಯಾಗಿ ನಿಲ್ಲುತ್ತದೆ. ಎಲ್ಲರೂ ಇಡೀ ಕಡ್ಡಿ ಬಳಸುತ್ತಾರೆ, ನಾನು ಮುರಿದು ಅರ್ಧ ಬಳಸುತ್ತೇನೆ. ಉದ್ದದ್ದು ನನ್ನ ಕೈಗೆ ಒಗ್ಗುವುದಿಲ್ಲ.

ಎಡ ರೆಕ್ಕೆಯ ತೊಲೆ ಮಾಡುವ ದಿನ ಬಂತು. ರೆಕ್ಕೆಯ ಭಾರವನ್ನೆಲ್ಲ ಹೊರುವುದು ಒಳಗಿರುವ ಈ ತೊಲೆಯೇ. ನಾನು ತಕ್ಕಡಿಯ ಮೇಲೆ ಹಾರ್ಡನರ್ ಸುರಿಯುತ್ತಿದ್ದೆ. ಅವನು ಹಿಂದಿನಿಂದ ಬಂದು, ಕಾಫಿ ಆಯ್ತಾ ಎಂದು ಕೇಳಿದಷ್ಟು ಸಲೀಸಾಗಿ, "ನನ್ನ ಮದುವೆ ಆಗ್ತೀಯಾ?" ಎಂದ.

"ಕೆಲಸದ ಹೊತ್ತಲ್ಲಿ ಕೇಳೋ ಮಾತಾ ಇದು?"

"ಬೇರೆ ಹೊತ್ತು ಎಲ್ಲಿದೆ ನಮಗೆ?"

ಆಗ್ತೀನಿ ಎಂದೆ. ಕಿವಿಯವರೆಗೂ ಬಿಸಿಯಾಗಿತ್ತು. ತಕ್ಕಡಿ ಆಗ ಯಾವ ಅಂಕಿ ತೋರಿಸಿತೋ, ದೇವರಾಣೆಗೂ ನೆನಪಿಲ್ಲ.

ಮರುದಿನ ನಾನು ಬಂದು ನೋಡಿದಾಗ ಲೋಟ ಗಟ್ಟಿಯಾಗಿತ್ತು. ಖುಷಿಯಲ್ಲಿದ್ದೆ, ಬೇರೇನನ್ನೂ ಗಮನಿಸಲಿಲ್ಲ. ತೊಲೆಯನ್ನು ಒಳಗಿಟ್ಟು ರೆಕ್ಕೆ ಮುಚ್ಚಿದೆವು. ಬಲ ಪರೀಕ್ಷಿಸಲು ಮಗುಚಿ ಮಲಗಿಸಿ ಮರಳಿನ ಮೂಟೆ ಹೇರಿದೆವು, ಬಾಗಿತು, ಮುರಿಯಲಿಲ್ಲ. ಭಾವ ನನ್ನ ಬೆನ್ನು ತಟ್ಟಿ, "ನಾದಿನಿ ಮಾಡಿದ ರೆಕ್ಕೆ. ನಿಮ್ಮಕ್ಕನಿಗೆ ಇನ್ನು ನಿದ್ದೆ ಬರತ್ತೆ," ಎಂದರು.

ಸ್ಪರ್ಧೆಗೆ ಹತ್ತು ದಿನವಿತ್ತು. ಕಪಾಟು ಖಾಲಿ ಮಾಡಲು ಹೋದೆ. 'ಎಡ ರೆಕ್ಕೆ, ತೊಲೆ' ಎಂದು ಬರೆದ ಲೋಟದಲ್ಲಿ ಇಡೀ ಕಡ್ಡಿ ನಿಂತಿತ್ತು. ಅಕ್ಷರವೂ ನನ್ನದರಂತೆ ಇತ್ತೇ ಹೊರತು ನನ್ನದಾಗಿರಲಿಲ್ಲ. ಡ್ರಾಯಿಂಗ್‌ಗಳ ಮೇಲೆ ದಿನಾ ನೋಡುತ್ತಿದ್ದ ಅವನ ಕೈಬರಹ ಅದರಲ್ಲಿ ಗುರುತು ಸಿಕ್ಕಿತು.

ಲೋಟವನ್ನು ಅವನ ಮೇಜಿನ ಮೇಲೆ ಇಟ್ಟೆ. ಅವನು ಬೊಗಳೆ ಬಿಡಲಿಲ್ಲ.

"ಅವತ್ತು ಬೆಳಿಗ್ಗೆ ನಾನೇ ಮೊದಲು ಬಂದೆ. ಒತ್ತಿದ್ರೆ ಉಗುರು ಇಳೀತು. ನಿನ್ನ ತಲೆ ಮೇಲೆ ಬರತ್ತೆ ಅಂತ ಬೇರೆಯವರ ಗಟ್ಟಿ ಲೋಟಕ್ಕೆ ತೊಲೆಯ ಹೆಸರು ಬರೆದು ಇಟ್ಟೆ."

"ಮತ್ತೆ ತೊಲೆ?"

"ಮೂಟೆ ಹೇರಿದ್ವಲ್ಲ, ತಡೀತು."

"ಶೆಡ್ ತಂಪಾಗಿತ್ತು. ಸ್ಪರ್ಧೇಲಿ ಬಿಸಿಲಲ್ಲಿ ನಿಲ್ಲಿಸ್ತಾರೆ. ಸರಿಯಾಗಿ ಗಟ್ಟಿಯಾಗದ ರೆಸಿನ್ ಬಿಸಿಗೆ ಮೆತ್ತಗಾಗತ್ತೆ ಅಂತ ನನಗೆ ಹೇಳಿಕೊಟ್ಟೋನೇ ನೀನು."

"ಬೇಕಾದ್ದಕ್ಕಿಂತ ಎರಡರಷ್ಟು ಬಲ ಇಟ್ಟಿದ್ದೀನಿ."

"ಒಳಗೆ ಕೂರೋದು ನಮ್ಮ ಭಾವ."

ಅವನು ಲೋಟವನ್ನು ಮೇಜಿನ ಅಂಚಿಗೆ ಸರಿಸಿದ.

"ನಾನು ನೋಡದೇ ಇದ್ದಿದ್ರೆ ಹೇಳ್ತಿದ್ದೆಯಾ?"

"ಹೇಳ್ತಿದ್ದೆ," ಎಂದು ತಲೆ ತಗ್ಗಿಸಿದ. "ಗೆದ್ದ ಮೇಲೆ."

ಅವನನ್ನು ಪ್ರೀತಿಸಿದ್ದಕ್ಕೆ ಮೊದಲ ಸಲ ನಾಚಿಕೆಯಾಯಿತು.

ಶೆಡ್ಡಿನ ಯಜಮಾನರಿಗೂ ಭಾವನಿಗೂ ಇದ್ದದ್ದು ಇದ್ದಂತೆ ಹೇಳಿದೆ. ಅಳತೆ ತಪ್ಪಿದವಳು ನಾನೇ ಎಂಬುದನ್ನೂ ಬಿಡಲಿಲ್ಲ. ಜೀವ ಉಳಿಯಿತು ಎಂದು ಭಾವ ಅಂದಾರು ಅಂದುಕೊಂಡಿದ್ದೆ. "ಈ ವರ್ಷಾನೂ ಹೋಯ್ತು," ಎಂದು ಹೊರಗೆ ನಡೆದರು. ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ.

ರೆಕ್ಕೆಯನ್ನು ನಾನೇ ಕೊಯ್ದೆ. ಗರಗಸ ಸಿಕ್ಕಿಹಾಕಿಕೊಳ್ಳದಂತೆ ಇನ್ನೊಂದು ತುದಿಯನ್ನು ಎತ್ತಿ ಹಿಡಿದವನು ಅವನು. ತನ್ನ ನಾಲ್ಕು ವರ್ಷವನ್ನು ನಾನು ಕೊಯ್ಯುತ್ತಿದ್ದರೂ ಹಿಡಿತ ಸಡಿಲಿಸಲಿಲ್ಲ. ತೊಲೆಯ ತುಂಡನ್ನು ಅಂಗಳದ ಬಿಸಿಲಿಗಿಟ್ಟೆವು. ಮಧ್ಯಾಹ್ನ ಎರಡೂ ಕೈಯಲ್ಲಿ ಅದುಮಿದಾಗ ಬಾಗಿತು, ಹಾಗೇ ಉಳಿಯಿತು.

"ನೀನೇ ಸರಿ," ಎಂದ.

"ಸರಿ ಅನ್ನಿಸ್ಕೊಳ್ಳೋದು ಬೇಕಿರಲಿಲ್ಲ ನನಗೆ."

"ನಿನಗೋಸ್ಕರ ಮಾಡ್ದೆ ಕಣೇ."

"ಗೊತ್ತು. ಅದಕ್ಕೇ ಭಯ ಆಗ್ತಿದೆ."

ಆ ವಾರವೇ ಕೆಲಸ ಬಿಟ್ಟು ಹೋದ. ನಾನು ತಡೆಯಲಿಲ್ಲ.

ಮರುವರ್ಷ ಹೊಸ ಎಡ ರೆಕ್ಕೆಯೊಂದಿಗೆ ಗ್ಲೈಡರ್ ಸ್ಪರ್ಧೆಗೆ ಹೋಯಿತು. ಭಾವ ಎರಡನೆಯವರಾಗಿ ಬಂದರು. ಎಲ್ಲರೂ ಫೋಟೋಗೆ ನಿಂತಾಗ ಬೇಲಿಯ ಆಚೆ ಅವನು ಕಂಡ. ಸ್ವಲ್ಪ ಇಳಿದುಹೋಗಿದ್ದ. ಕಾಲು ತಾನಾಗಿಯೇ ಅತ್ತ ನಡೆಯಿತು.

"ಚೆನ್ನಾಗಿ ಹಾರ್ತಿದೆ," ಎಂದ.

"ನಿನ್ನ ಡಿಸೈನ್ ತಾನೇ."

"ನನ್ನ ಮೇಲಿನ ಕೋಪ ಹೋಯ್ತಾ?"

"ಯಾವತ್ತೋ ಹೋಯ್ತು."

ಅವನ ಮುಖ ಅರಳಿತು. ಅದನ್ನು ಹೆಚ್ಚು ಹೊತ್ತು ನೋಡಲಾರದೆ ಬೇಗ ಹೇಳಿಬಿಟ್ಟೆ.

"ಪ್ರೀತಿ ಹೋಗಿಲ್ಲ. ಆದ್ರೆ ನೀನು ಏನೂ ಆಗಿಲ್ಲ ಅಂದಾಗ್ಲೆಲ್ಲ ಏನಾಗಿದೆ ಅಂತ ನಾನು ಹುಡುಕ್ತಾ ಕೂರ್ತೀನಿ. ಹಾಗೆ ಸಂಸಾರ ಮಾಡೋಕಾಗಲ್ಲ."

ಅವನು ತಲೆಯಾಡಿಸಿದ. ಒಂದೇ ಒಂದು ಮಾತು ಎದುರಾಡಿದ್ದರೆ ನಾನು ಸೋತುಬಿಡುತ್ತಿದ್ದೆ. ಅವನು ಆಡಲಿಲ್ಲ.