ಅಮೋಘಸಿದ್ಧಪ್ಪನ ಸೇಬಿನ ಗಿಡ

ಮಶಾಕಸಾಬನ ಸಲಿಕೆ ಗಿಡದ ಬುಡಕ್ಕೆ ಇಳಿದಾಗ ಸುಂದರವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಸೊಂಟದೆತ್ತರದ ಸೇಬಿನ ಗಿಡ. ಎಲೆಗಳೆಲ್ಲ ಹಳದಿಗಟ್ಟಿ ಜೋತುಬಿದ್ದಿದ್ದವು. ಕಟ್ಟೆಯ ಮೇಲೆ ಅತ್ತೆ ರೇವವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಳಿತಿದ್ದಳು. ಇಂಡಿ ಕಡೆಯ ನಿಂಬೆ ತೋಟಗಳಲ್ಲಿ ಕೂದಲು ಹಣ್ಣು ಮಾಡಿಕೊಂಡ ಮಶಾಕಸಾಬ ಒಮ್ಮೆ ಬುಡ ಮುಟ್ಟಿ ನೋಡಿದರೆ ರೋಗ ತಪ್ಪಿಸಿಕೊಳ್ಳುವುದಿಲ್ಲವೆಂದು ಕನ್ನೊಳ್ಳಿ ಊರಲ್ಲೆಲ್ಲ ಮಾತು. ಅವನನ್ನು ಕರೆಸಿದವಳು ರೇವವ್ವನೇ. ಸುಂದರವ್ವನಿಗೆ ಅದೇ ಸೋಜಿಗ... ಈ ಗಿಡ ಒಣಗಿ ಸಾಯಲಿ ಎಂದು ಮೂರು ವರ್ಷದಿಂದ ಶಪಿಸುತ್ತ ಬಂದವಳೂ ಅವಳೇ ಅಲ್ಲವೇ?

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಮಾವ ಅಮೋಘಸಿದ್ಧಪ್ಪ ಬಿಜಾಪುರದ ದವಾಖಾನೆಯಲ್ಲಿ ಹದಿನೈದು ದಿನ ಮಲಗಿದ್ದ. ಆಗೆಲ್ಲ ಸೇಬೆಂದರೆ ರೋಗಿಗಳ ಹಣ್ಣು. ಗಟ್ಟಿಮುಟ್ಟಾಗಿದ್ದವರು ಅದನ್ನು ಕೊಂಡು ತಿಂದದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಮಗ ಸೋಮನಿಂಗ ತಂದ ಹಣ್ಣನ್ನು ಅರವತ್ತು ದಾಟಿದ ಆ ಮುದುಕ ಜೀವನದಲ್ಲಿ ಮೊದಲ ಸಲ ತಿಂದ. ಬೀಜಗಳನ್ನು ತಂಬಾಕಿನ ಚೀಲದಲ್ಲಿ ಜೋಪಾನ ಮಾಡಿ ಊರಿಗೆ ತಂದ. ಮಂಚದ ಮೇಲೆ ಮಲಗಬೇಕಾದವನು ನೇರ ಹಿತ್ತಲಿಗೆ ಹೋಗಿ ಅವನ್ನು ಮಣ್ಣಲ್ಲಿ ಊರಿದ.

"ಸುಂದ್ರಾ, ನಿನ್ನ ಮಕ್ಕಳು ಜಡ್ಡಿಗೆ ಬೀಳದನ ಸೇಬಹಣ್ಣು ತಿನ್ನಬೇಕು ನೋಡವಾ" ಎಂದು ಸೊಸೆಯತ್ತ ತಿರುಗಿ ನಕ್ಕಿದ್ದ. ಆ ನಗು ಸುಂದರವ್ವನಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಒಂದೇ ಒಂದು ಮೊಳಕೆ ತಲೆ ಎತ್ತಿತು. ಆ ಹೊತ್ತಿಗೆ ಅವನು ಮತ್ತೆ ಹಾಸಿಗೆ ಹಿಡಿದ. ಸೋಮನಿಂಗ ಇನ್ನೊಂದು ಹಣ್ಣು ತಂದ. ರೇವವ್ವ ಹರಕೆ ಹೇಳಲು ಗುಡಿಗೆ ಹೋಗಿದ್ದಾಗ ಸುಂದರವ್ವ ಅದನ್ನು ಹೋಳು ಮಾಡಿ ಮಾವನಿಗೆ ತಿನ್ನಿಸಿದಳು. ಅತ್ತೆ ಮರಳುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

"ಇಂಥಾ ಚಳ್ಯಾಗ ಥಂಡಿ ಹಣ್ಣು ತಿನಿಸಿ ನನ್ನ ಮನಿ ಹಾಳ ಮಾಡಿದೆಲ್ಲಾ..." ಎಂದು ರೇವವ್ವ ತಲೆದಿಂಬಿನ ಬಳಿಯಿದ್ದ ತಟ್ಟೆಯನ್ನು, ಅದರಲ್ಲಿ ಉಳಿದಿದ್ದ ಹೋಳಿನ ಸಮೇತ, ಅಂಗಳಕ್ಕೆ ಎಸೆದಳು. ಮಣ್ಣು ಮಾಡಿ ಬಂದ ದಿನವೇ ಅಪ್ಪಣೆಯಾಯಿತು. "ಆ ಗಿಡಕ್ಕ ಯಾರೂ ಹನಿ ನೀರು ಹಾಕಬಾರದು. ನೀ ಏನರೆ ಮುಟ್ಟಿದ್ಯೋ, ಅವತ್ತ ಗಂಟು ಕಟ್ಟಿಕೊಂಡು ಗೊಳಸಂಗಿ ಹಾದಿ ಹಿಡಿ."

ತವರು ಗೊಳಸಂಗಿಯಲ್ಲಿ ಸುಂದರವ್ವನಿಗೆ ಇದ್ದವಳು ಕಣ್ಣು ಕಾಣದ ತಾಯಿ ಒಬ್ಬಳೇ. ಅವಳೇ ಇನ್ನೊಬ್ಬರ ಮನೆಯ ಅನ್ನದಲ್ಲಿದ್ದಳು. ಸೋಮನಿಂಗ ತಾಯಿಯ ಮುಂದೆ ತುಟಿ ಬಿಚ್ಚುವವನಲ್ಲ. ಹಣ್ಣಿನ ಸುದ್ದಿ ಎತ್ತಿದರೆ ಸಾಕು, ಅತ್ತೆ ಎದ್ದು ಹೋಗುತ್ತಿದ್ದಳು. ಹೀಗಾಗಿ ಮಾವ ಕೊನೆಗೆ ಆಡಿದ ಮಾತೊಂದು ಸುಂದರವ್ವನ ಗಂಟಲಲ್ಲೇ ಉಳಿಯಿತು.

ಆದರೂ ಆ ಹಿರಿಯ ಜೀವ ಕೈಯಾರೆ ಊರಿದ್ದನ್ನು ಒಣಗಲು ಬಿಡುವುದು ಹೇಗೆ? ಅತ್ತೆ ಏಳುವ ಮುಂಚೆ, ಬಾವಿಯಿಂದ ತಂದ ಮೊದಲ ಕೊಡದಲ್ಲಿ ಒಂದು ಚರಿಗೆ ನೀರು ಬುಡಕ್ಕೆ ಸುರಿದು, "ಕುಡೀರಿ ಮಾವಾ" ಎಂದು ಪಿಸುಗುಟ್ಟುತ್ತಿದ್ದಳು. ಗಿಡ ಬೆಳೆಯಿತು. ಬಿಸಿಲ ನಾಡಿನಲ್ಲಿ ಹನಿ ನೀರಿಲ್ಲದೆ ಅದು ಚಿಗುರಿದ್ದಕ್ಕೆ ನೆರೆಹೊರೆಯವರು ಬೆರಗಾದರೆ, ರೇವವ್ವ "ದೇವರು ಕಾಯ್ತಾನ" ಎಂದು ಮುಖ ತಿರುಗಿಸುತ್ತಿದ್ದಳು. ಈ ವರ್ಷ ಎಲೆ ಹಳದಿಯಾದವು. ಬಾಯಾರಿಕೆಯೆಂದುಕೊಂಡು ಸುಂದರವ್ವ ಎರಡು ಚರಿಗೆ ಮಾಡಿದಳು. ಗಿಡ ಇನ್ನಷ್ಟು ಬಾಡಿತು.

ಮಶಾಕಸಾಬ ಮಣ್ಣು ಸರಿಸಿ ಬೇರನ್ನು ಎತ್ತಿ ಹಿಡಿದ. ಅದು ಕರ್ರಗೆ ಕೊಳೆತು ನಾರುತ್ತಿತ್ತು.

"ಇದು ನೀರಿಲ್ಲದ ಸತ್ತಿಲ್ಲ ರೇವಕ್ಕಾ, ನೀರು ಹೆಚ್ಚಾಗಿ ಸತ್ತೈತಿ. ನಿಮ್ಮದು ಎರಿ ಮಣ್ಣು, ಕುಡಿದದ್ದನ್ನ ಬಿಡೂದಿಲ್ಲ. ವಾರಕ್ಕೊಂದು ಚರಿಗಿ ಸಾಕಿತ್ತು. ಯಾರು ಹಾಕ್ತಿದ್ರಿ ಇಷ್ಟು ನೀರು?"

ಸುಂದರವ್ವ ಆ ಕೊಳೆತ ಬೇರನ್ನೇ ನೋಡಿದಳು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಸತ್ತ ಗಿಡದ ಮುಂದೆ ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

"ನಾ ಹಾಕೇನ್ರಿ ಅತ್ತಿ. ಮೂರು ವರ್ಷದಿಂದ, ದಿನಾ ನಸುಕಿನ್ಯಾಗ. ಗೊಳಸಂಗಿಗೆ ಕಳಸ್ತೀರಂದ್ರ ಕಳಸ್ರಿ."

ರೇವವ್ವ ಕಟ್ಟೆಯಿಂದ ಇಳಿದು ಬಂದಳು. ಬಂದವಳು ಆ ಕೆಸರಿನಲ್ಲೇ ಕುಸಿದು ಕುಳಿತಳು.

"ನೀ ಹೊಲಕ್ಕ ಹೋದ ಮ್ಯಾಲೆ ಮಧ್ಯಾಹ್ನ ನಾನೂ ಹಾಕ್ತಿದ್ನೆವಾ... ಎಲಿ ಹಳದಿ ಆತಂತ ಎರಡು ಚರಿಗಿ ಮಾಡಿದ್ದೆ."

ಮಶಾಕಸಾಬ ಇಬ್ಬರ ಮುಖವನ್ನೂ ನೋಡಿ, ಸಲಿಕೆ ಒರೆಸುವ ನೆಪದಲ್ಲಿ ಅತ್ತ ಸರಿದ.

"ಸಿಟ್ಟಿಗೆ ಅಂದಬಿಟ್ಟಿದ್ದೆ ಸುಂದ್ರಾ. ಅಂದದ್ದನ್ನ ತಿರುಗಿ ನುಂಗಾಕ ಆಗಲಿಲ್ಲ. ಹಣ್ಣಿನ ಮ್ಯಾಲಿನ ಸಿಟ್ಟಲ್ಲ ಅದು. ಅವರ ಕೊನಿ ಗಳಿಗ್ಯಾಗ ನೀ ಇದ್ದಿ, ನಾ ಇರಲಿಲ್ಲ..." ಅವಳ ದನಿ ಒಡೆಯಿತು. "ಹೋಗೂ ಮುಂದ ಅವರು ಏನರೆ ಅಂದ್ರೇನು?"

ಮೂರು ವರ್ಷ ಗಂಟಲಲ್ಲಿದ್ದ ಮಾತು ಈಗ ಹೊರಬಂತು. "ನಾಕು ಹೋಳು ಮಾಡಿದ್ದೆರಿ. ಮೂರು ತಿಂದ್ರು. ನಾಕನೇದ್ದು ಬಾಯಿಗೆ ಹಿಡಿದ್ರ ಒಲ್ಲೆ ಅಂದ್ರು. 'ಅದು ರೇವಿಗೆ ಇಡು, ಅಕಿ ಇನ್ನೂ ತಿಂದಿಲ್ಲ' ಅಂದ್ರು."

ರೇವವ್ವನಿಗೆ ಅಂಗಳಕ್ಕೆ ಎಸೆದ ಆ ತಟ್ಟೆ ನೆನಪಾಯಿತು. ಸೊಸೆಯ ಭುಜಕ್ಕೆ ಹಣೆಯಿಟ್ಟು, ಗಂಡ ಸತ್ತ ದಿನವೂ ಅಳದಷ್ಟು ಅತ್ತಳು. ಸುಂದರವ್ವನೂ ತಡೆದುಕೊಳ್ಳಲಿಲ್ಲ.

ಮುಂದಿನ ಸಂತೆಗೆ ರೇವವ್ವ ಮಗನನ್ನು ಸಿಂದಗಿಗೆ ಕಳಿಸಿ ಒಂದು ಸೇಬು ತರಿಸಿದಳು. ಯಾರಿಗೆ ಜಡ್ಡಾಗಿದೆ ಎಂದು ಅಂಗಡಿಯವನು ಕೇಳಿದನಂತೆ; ಯಾರಿಗೂ ಇಲ್ಲ ಎಂದದ್ದಕ್ಕೆ ಸೋಮನಿಂಗನನ್ನು ಮೇಲಿಂದ ಕೆಳಗೆ ನೋಡಿದನಂತೆ. ರೇವವ್ವ ಅದನ್ನು ನಾಲ್ಕು ಹೋಳು ಮಾಡಿ, ಮೊದಲನೆಯದನ್ನು ತನ್ನ ಕೈಯಿಂದಲೇ ಸುಂದರವ್ವನ ಬಾಯಿಗಿಟ್ಟಳು. ಎರಡನೆಯದನ್ನು ಮಗನಿಗೆ ಕೊಟ್ಟಳು. ಮೂರನೆಯದನ್ನು ಗಂಡನ ಹೆಸರಿನಲ್ಲಿ ದೇವರ ಜಗಲಿಯ ಮೇಲಿಟ್ಟಳು. ಕೊನೆಯ ಹೋಳನ್ನು ಕಣ್ಣು ಮುಚ್ಚಿ, ನಿಧಾನವಾಗಿ ತಾನು ತಿಂದಳು.

ಆಮೇಲೆ ಬೀಜಗಳನ್ನು ಅಂಗೈಯಲ್ಲಿ ಹಿಡಿದು ಹಿತ್ತಲಿಗೆ ನಡೆದಳು.

"ವಾರಕ್ಕೊಂದು ಚರಿಗಿ ಸಾಕಂತ. ಈ ಸೋಮವಾರ ನೀ ಹಾಕು, ಮುಂದಿನ ಸೋಮವಾರ ನಾ ಹಾಕ್ತೇನಿ. ನಡುವ ಕದ್ದು ಹಾಕೀ ಮತ್ತ, ಜ್ವಾಕಿ."

"ನೀವೂ ಹಾಕಬ್ಯಾಡ್ರಿ ಅತ್ತಿ" ಎಂದಳು ಸುಂದರವ್ವ.